ಹೊಸ್ತಿಲಿಂದ ಎಂಟನೇ ಹೆಜ್ಜೆ

ಗುಂಡ್ಲುಪೇಟೆ

ಸಿಲೋನಿಗೆ ಹೋಗಿ ಬಂದೆ ಅಂದರೆ ನಮ್ಮೂರಲ್ಲಿ ಜನ ಮೊದಲು ಕೇಳುವುದು ರಾವಣನ ಅರಮನೆ ನೋಡಿದಿರಾ ಅಂತ. ಇಲ್ಲ ಅಂದರೆ ಅವರಿಗೆ ಬೇಜಾರು. ಅಶೋಕವನವನ್ನಾದರೂ ನೋಡಿರಬೇಕಲ್ಲ ಅನ್ನುತ್ತಾರೆ. ಅದನ್ನೂ ನೋಡಲಿಲ್ಲ. ನಾನು ನೋಡಿದ್ದು ಜಾಫ್ನಾ ಪಕ್ಕದ ಒಂದು ಹಳ್ಳಿ ಶಾಲೆ, ಒಂದು ಬಾವಿ, ಊರ ತುಂಬ ತಾಳೆಗರಿಯ ಬೇಲಿ. ಇಷ್ಟಕ್ಕೆ ಸಮುದ್ರ ದಾಟಬೇಕಿತ್ತೇ ಎಂದು ನಕ್ಕವರಿದ್ದಾರೆ. ದಾಟಬೇಕಿತ್ತು ಎಂಬುದು ನನಗೆ ಗೊತ್ತಾದದ್ದು ವಾಪಸು ಮನೆಗೆ ಬಂದ ಮೇಲೆ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಗುಂಡ್ಲುಪೇಟೆಯಲ್ಲಿ ಲೆಕ್ಕದ ಮೇಷ್ಟ್ರು. ನಮ್ಮ ತಾತ ತೆರಕಣಾಂಬಿಯಲ್ಲಿ ಜಗಲಿಯ ಮೇಲೆ ಕೂಲಿಮಠ ನಡೆಸಿದವರು. ಅಪ್ಪನೂ ಅದನ್ನೇ ಮಾಡಿದರು. ಮಗ್ಗಿ ಒಪ್ಪಿಸುವುದಕ್ಕೆ ನಮ್ಮ ಮನೆಯಲ್ಲಿ ತಾತನ ಕಾಲದಿಂದ ಒಂದು ಕ್ರಮ ಇದೆ. ಮಗು ಹೊಸ್ತಿಲಿಗೆ ಹಿಮ್ಮಡಿ ತಾಗಿಸಿ ನಿಲ್ಲಬೇಕು. ಒಂದು ಸಾಲಿಗೆ ಒಂದು ಹೆಜ್ಜೆ. ಹತ್ತು ಸಾಲು ತಪ್ಪಿಲ್ಲದೆ ಹೇಳಿದರೆ ಹತ್ತನೇ ಹೆಜ್ಜೆಗೆ ಮೇಷ್ಟ್ರ ಕುರ್ಚಿ ಸಿಗುತ್ತದೆ, ಮೇಷ್ಟ್ರ ಕೈಯಿಂದ ಒಂದು ಚೂರು ಬೆಲ್ಲವೂ ಸಿಗುತ್ತದೆ. ನಡುವೆ ಎಲ್ಲಿ ತಪ್ಪಿದರೂ ಮತ್ತೆ ಹೊಸ್ತಿಲಿಗೆ ಹೋಗಬೇಕು, ಮತ್ತೆ ಒಂದ್ಲೆಯಿಂದ ಶುರು ಮಾಡಬೇಕು. ಸಂಜೆ ಹದಿನೈದಿಪ್ಪತ್ತು ಮಕ್ಕಳು ನಮ್ಮ ಜಗಲಿಯಲ್ಲಿ ಕೂತು ಒಟ್ಟಿಗೆ ಮಗ್ಗಿ ಹೇಳುತ್ತಿದ್ದರು. ಬೀದಿಯಲ್ಲಿ ಹೋಗುವವರು ಆ ಗಲಾಟೆ ಕೇಳಿ, ಮಲ್ಲಪ್ಪ ಮೇಷ್ಟ್ರು ಪಾಠ ಮಾಡ್ತಾವ್ರೆ ಅಂತ ಮೆಚ್ಚಿಕೊಂಡು ಹೋಗುತ್ತಿದ್ದರು. ನನಗೂ ಅದರ ಹೆಮ್ಮೆ ಸ್ವಲ್ಪ ಜಾಸ್ತಿಯೇ ಇತ್ತು.

ಈ ಹೆಮ್ಮೆಗೆ ಬಿದ್ದ ಪೆಟ್ಟು ನನ್ನ ಮಗಳು ನೀಲ. ಒಂಬತ್ತು ವರ್ಷ. ಆರರ ಮಗ್ಗಿಯವರೆಗೆ ಬೆಲ್ಲ ತಿಂದವಳು ಏಳರ ಮಗ್ಗಿಯಲ್ಲಿ ನಿಂತುಬಿಟ್ಟಳು. ಏಳೇಳ್ಲೆ ನಲವತ್ತೊಂಬತ್ತು ಅನ್ನುವವರೆಗೆ ಸರಾಗ. ಎಂಟನೇ ಹೆಜ್ಜೆಗೆ ಏಳೆಂಟ್ಲೆ ಐವತ್ನಾಲ್ಕು ಅನ್ನುತ್ತಿದ್ದಳು. ನಾನು ಹೊಸ್ತಿಲ ಕಡೆ ಬೆರಳು ತೋರಿಸುತ್ತಿದ್ದೆ. ನಾಲ್ಕು ತಿಂಗಳು ಹೀಗೇ ನಡೆಯಿತು. ಮಗ್ಗಿ ಹೇಳುವಾಗ ಮನೆಯಲ್ಲೂ ನನ್ನನ್ನು ಮೇಷ್ಟ್ರೇ ಅನ್ನಬೇಕು, ಅಪ್ಪ ಅನ್ನಕೂಡದು ಎಂದು ನಾನೇ ಮಾಡಿದ ಕಟ್ಟಳೆ ಇತ್ತು. ಅದನ್ನು ಮಾತ್ರ ಅವಳು ಒಂದು ದಿನವೂ ತಪ್ಪಲಿಲ್ಲ.

ದಸರಾ ರಜೆಗೆ ಮುಂಚೆ ಭೀಮನಬೀಡಿನಿಂದ ನನ್ನ ಅಕ್ಕ ಬಂದಿದ್ದಳು. ನೀಲ ಹನ್ನೊಂದು ಸಲ ಹೊಸ್ತಿಲಿಗೆ ವಾಪಸಾದದ್ದನ್ನು ಕೂತು ನೋಡಿದಳು.

“ಯಾಕ್ಲಾ ಮಲ್ಲ, ಮಗೀನ ಇಂಗೆ ನಡೆಸಿ ನಡೆಸಿ ಸಾಯಿಸ್ತೀಯೆ,” ಅಂದಳು. “ಅದ್ಕೆ ಓದು ಅತ್ತಕಿಲ್ಲ ಅಂದ್ರೆ ಬುಟ್ಬುಡು. ನಂಗೆ ಕೊಡು. ರೇಸ್ಮೆ ಉಳಕ್ಕೆ ಸೊಪ್ಪು ಆಕಕೆ ಕೈ ಸಾಲ್ದು ನಮ್ಮನೇಲಿ.”

ನನಗೆ ಸಿಟ್ಟು ಬಂದಿತ್ತು. ಆಗಲಿ, ನಾನು ಸಿಲೋನಿನಿಂದ ಬರುವಷ್ಟರಲ್ಲಿ ಏಳರ ಮಗ್ಗಿ ಒಪ್ಪಿಸದಿದ್ದರೆ ಸ್ಕೂಲು ಬಿಡಿಸಿ ನಿನ್ನ ಜೊತೆ ಕಳಿಸುತ್ತೇನೆ ಅಂದುಬಿಟ್ಟೆ. ಹೆಂಡತಿ ಗೌರಮ್ಮ ಅಡುಗೆಮನೆ ಬಾಗಿಲಲ್ಲಿದ್ದಳು, ಪಕ್ಕದ ಮನೆಯವರಿಬ್ಬರು ಜಗಲಿಯಲ್ಲಿದ್ದರು. ಎಲ್ಲರೂ ಕೇಳಿಸಿಕೊಂಡರು. ನೀಲ ಮಾತ್ರ ಹೊಸ್ತಿಲ ಹತ್ತಿರ ನಿಂತು ತನ್ನ ಕಾಲು ನೋಡಿಕೊಳ್ಳುತ್ತಿದ್ದಳು.

ಸಿಲೋನಿಗೆ ಯಾಕೆ ಅಂದರೆ ಜಗಳಕ್ಕೆ. ಶಿಕ್ಷಕರ ಮಾಸಪತ್ರಿಕೆಯೊಂದರ ಮೂಲಕ ಜಾಫ್ನಾದ ಕಂದಯ್ಯ ಎಂಬ ಹೆಡ್‌ಮಾಸ್ಟರ ಪರಿಚಯವಾಗಿ ಎರಡು ವರ್ಷದಿಂದ ಕಾಗದ ಬರೆದುಕೊಳ್ಳುತ್ತಿದ್ದೆವು. ನಮ್ಮ ಶಾಲೆಯಲ್ಲಿ ಮಕ್ಕಳು ಮಗ್ಗಿ ಕೂಗುವುದಿಲ್ಲ, ಆದರೂ ಅವರಿಗೆ ಬರುತ್ತದೆ ಎಂದು ಒಮ್ಮೆ ಬರೆದರು. ನಾನು ನಾಲ್ಕು ಪುಟ ಖಂಡಿಸಿದೆ. ಬಂದು ನೋಡಿ ಎಂದು ಅವರು ಒಂದೇ ಸಾಲು ಬರೆದರು. ಆಮೇಲೆ ಹೋಗದೆ ಇರುವುದು ಹೇಗೆ.

ಚಾಮರಾಜನಗರ

ದಸರಾ ಸಮಯದಲ್ಲಿ ಚಾಮರಾಜನಗರದಿಂದ ಹೊರಡುವವರೆಲ್ಲ ಮೈಸೂರಿಗೆ ಹೊರಡುತ್ತಾರೆ. ಗಾಡಿ ಗಾಡಿಯಾಗಿ ಜನ ರೈಲ್ವೆ ಸ್ಟೇಷನ್ನಿನ ಕಡೆ ಹೋಗುತ್ತಿದ್ದರು, ನಾನೊಬ್ಬ ಟ್ರಂಕು ಹಿಡಿದುಕೊಂಡು ಘಾಟಿ ಇಳಿಯುವ ಬಸ್ಸಿಗೆ ಕಾಯುತ್ತಿದ್ದೆ. ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಎದುರಿಗೆ ಸಂತೆಮರಹಳ್ಳಿಯ ಅರಿಸಿನದ ವ್ಯಾಪಾರಿಯೊಬ್ಬ ಕೂತ. ಎಲ್ಲಿಗೆ ಸಾ ಅಂದ. ಹೇಳಿದೆ.

“ಸಿಲೋನ್ಗಾ?” ಅವನು ಲೋಟ ಕೆಳಗಿಟ್ಟ. “ಅಲ್ಲಿಗೆ ಓಗಕೆ ಬಾಲ ಬೇಕಲ್ಲ ಸಾ.”

ಪಕ್ಕದವರೆಲ್ಲ ನಕ್ಕರು. ಈಗ ಹಡಗು ಇದೆ ಅಂದೆ. ಏನು ತರೋಕೆ ಓಗ್ತಿದ್ದೀರಿ ಅಂದ. ಮಗ್ಗಿ ವಿಷಯ ಅಂತ ಹೇಳಿದರೆ ಇನ್ನೂ ನಗುತ್ತಾರೆ ಎಂದು ಸ್ನೇಹಿತರನ್ನು ನೋಡಲಿಕ್ಕೆ ಅಂದೆ. ಆ ಮನುಷ್ಯ ಬೆರಳ ಗೆಣ್ಣು ಎಣಿಸಿಕೊಂಡು, ಮೂವತ್ತೇಳೂವರೆ ಮಣ ಅರಿಸಿನದ ಲೆಕ್ಕವನ್ನು ಹೋಟೆಲಿನವನ ಜೊತೆ ಮಾತಾಡುತ್ತಲೇ ಮುಗಿಸಿಬಿಟ್ಟ. ಒಂದು ಮಗ್ಗಿಯನ್ನೂ ಬಾಯಿಬಿಟ್ಟು ಹೇಳಲಿಲ್ಲ. ಯಾವ ಮೇಷ್ಟ್ರ ಹತ್ತಿರ ಕಲಿತಿರಿ ಎಂದು ಕೇಳಿದೆ. ಮೇಷ್ಟ್ರ ಒಡೆತ ತಡೀನಾರ್ದೆ ಎರಡ್ನೇ ಕ್ಲಾಸಿಗೇ ಬುಟ್ಟೆ ಸಾ ಅಂದ. ಇಂಥವರು ಲೆಕ್ಕದ ಮೇಷ್ಟ್ರ ಎದುರಿಗೇ ಯಾಕೆ ಬಂದು ಕೂರುತ್ತಾರೋ.

ಬಸ್ಸು ಬಂತು. ದಿಂಬಂ ಘಾಟಿಯ ತಿರುವುಗಳಲ್ಲಿ ನನ್ನ ಪಕ್ಕದ ಮುದುಕಿ ಕಣ್ಣು ಮುಚ್ಚಿಕೊಂಡು ಮಾದಪ್ಪನ ಹೆಸರು ಹೇಳುತ್ತಿದ್ದಳು. ನಾನು ಹತ್ತೊಂಬತ್ತರ ಮಗ್ಗಿ ಹೇಳಿಕೊಂಡೆ. ಇಬ್ಬರೂ ಕ್ಷೇಮವಾಗಿ ಇಳಿದೆವು. ಅಲ್ಲಿಂದ ಈರೋಡು, ಈರೋಡಿನಿಂದ ರೈಲು. ರೈಲಿನ ಬಗ್ಗೆ ಹೇಳುವುದೇನೂ ಇಲ್ಲ, ಉದ್ದಕ್ಕೂ ಕೂತೇ ಇದ್ದೆ.

ಕಡಲಂಚಿನ ಕಚೇರಿ

ಹಡಗು ಹತ್ತುವ ಮೊದಲು ಒಂದು ಕಡೆ ಎಲ್ಲರನ್ನೂ ಇಳಿಸಿ ಕಾಗದಪತ್ರ ನೋಡುತ್ತಾರೆ. ತಗಡಿನ ಮಾಡಿನ ಕೆಳಗೆ ಉದ್ದದ ಸಾಲು. ಕೊನೆಯಲ್ಲಿ ಒಂದು ಮೇಜು, ಹಿಂದೆ ಒಬ್ಬ ಗುಮಾಸ್ತ. ಆತ ಕಾಗದದ ಕಡೆಗೆ ನೋಡುತ್ತಿದ್ದನೇ ಹೊರತು ಮುಖ ನೋಡುತ್ತಿರಲಿಲ್ಲ. ಹೆಸರು, ತಂದೆಯ ಹೆಸರು, ಊರು, ಜಿಲ್ಲೆ, ಕಸುಬು, ಯಾರ ಮನೆಗೆ, ಎಷ್ಟು ದಿನ. ಎಲ್ಲಕ್ಕೂ ಪಟಪಟ ಉತ್ತರ ಕೊಟ್ಟೆ. ಸಿಡುಬಿನ ಚುಚ್ಚುಮದ್ದಿನ ಚೀಟಿ ಅಂದ. ಅದು ಟ್ರಂಕಿನಲ್ಲಿತ್ತು. ಗೌರಮ್ಮ ಅದು ಕಳೆದುಹೋದೀತು ಎಂದು ಪಂಚೆಯ ಮಡಿಕೆಯೊಳಗೆ ಇಟ್ಟು, ಪಂಚೆಯನ್ನು ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದಳು.

ಹುಡುಕಿ ತರುವ ಹೊತ್ತಿಗೆ ನನ್ನ ಜಾಗ ಹೋಗಿತ್ತು. ಸಾಲಿನ ಕೊನೆಗೆ ಹೋಗಿ ನಿಂತೆ. ಒಂದು ಗಂಟೆಯ ಮೇಲೆ ಮತ್ತೆ ಮೇಜು. ಚೀಟಿ ಮುಂದಕ್ಕೆ ಚಾಚಿದೆ. ಆತ ಅದನ್ನು ಮುಟ್ಟಲಿಲ್ಲ. ಹೆಸರು ಅಂದ. ತಂದೆಯ ಹೆಸರು ಅಂದ. ಎಲ್ಲ ಮುಗಿದು ಚೀಟಿಯ ಹತ್ತಿರ ಬಂದಾಗ, ಅದರ ತಾರೀಖನ್ನು ಫಾರಮ್ಮಿನಲ್ಲಿ ತುಂಬಿಲ್ಲ, ತುಂಬಿ ತನ್ನಿ ಅಂದ. ನನ್ನ ಪೆನ್ನಿನಲ್ಲಿ ಶಾಯಿ ಇರಲಿಲ್ಲ. ಯಾರನ್ನೋ ಕಾಡಿ ಪೆನ್ನು ಇಸಿದುಕೊಂಡು ತುಂಬಿ, ಮತ್ತೆ ಸಾಲಿನ ಕೊನೆಗೆ ಹೋದೆ.

ಮೂರನೇ ಸಲವೂ ಹೆಸರು ಅಂದಾಗ ನನಗೆ ರೇಗಿತು. ನನಗೆ ಬಂದಷ್ಟು ತಮಿಳಿನಲ್ಲಿ, ಸ್ವಾಮಿ, ನನ್ನ ಹೆಸರು ಎರಡು ಸಲ ಕೇಳಿದ್ದೀರಿ, ನಮ್ಮಪ್ಪನ ಹೆಸರೂ ಬದಲಾಗಿಲ್ಲ, ಕೊರತೆ ಇದ್ದದ್ದು ಈ ಒಂದು ಕಲಮಿನಲ್ಲಿ, ಇದೊಂದನ್ನು ನೋಡಿ ಬಿಡಬಾರದೇ ಅಂದೆ.

“ಕ್ರಮ ಇರುವುದೇ ಹೀಗೆ,” ಅಂದ ಆತ. ಅವನಿಗೆ ಸಿಟ್ಟೂ ಇರಲಿಲ್ಲ, ಕನಿಕರವೂ ಇರಲಿಲ್ಲ.

ಕ್ರಮ ಅಂದವನ ಎದುರಿಗೆ ನಾನು ಏನು ಹೇಳಲಿ, ನನ್ನ ಬಾಯಲ್ಲೂ ದಿನಾ ಬರುವ ಮಾತು ಅದೇ. ಹೆಸರಿನಿಂದ ಶುರು ಮಾಡಿ ಎಲ್ಲವನ್ನೂ ಒಪ್ಪಿಸಿದೆ. ಆ ಏಳು ಪ್ರಶ್ನೆಗಳಿಗೆ ಈಗ ಕೇಳಿದರೂ ನಿದ್ದೆಯಲ್ಲಿ ಉತ್ತರ ಹೇಳಿಯೇನು.

ಹಡಗು

ಅದುವರೆಗೆ ನಾನು ನೋಡಿದ್ದ ದೊಡ್ಡ ನೀರು ಅಂದರೆ ಮಳೆಗಾಲದ ತೆರಕಣಾಂಬಿ ಕೆರೆ. ಸಮುದ್ರ ನೋಡಿ ಆಶ್ಚರ್ಯಪಡಬೇಕು ಎಂದು ಮನಸ್ಸು ಮಾಡಿಕೊಂಡೇ ಹತ್ತಿದ್ದೆ. ಹತ್ತು ನಿಮಿಷಕ್ಕೆ ಹೊಟ್ಟೆ ತೊಳೆಸಲು ಶುರುವಾಗಿ ಆಶ್ಚರ್ಯಕ್ಕೆ ಪುರಸೊತ್ತಾಗಲಿಲ್ಲ. ತೋಟದ ಕೆಲಸಕ್ಕೆ ಹೋಗುತ್ತಿದ್ದ ತಮಿಳು ಹೆಂಗಸೊಬ್ಬಳು ಮಡಿಲಿಂದ ಒಂದು ನಿಂಬೆಹಣ್ಣು ತೆಗೆದು ಕೊಟ್ಟು, ಮೂಸಿ ನೋಡುತ್ತಾ ಇರಿ, ದೂರ ನೋಡಿ, ಕಾಲ ಕೆಳಗೆ ನೋಡಬೇಡಿ ಅಂದಳು. ಹಾಗೇ ಮಾಡಿದೆ. ಎರಡು ಗಂಟೆ ನಿಂಬೆಹಣ್ಣು ಮೂಸುತ್ತಾ ದೂರ ನೋಡಿದೆ. ಸಮುದ್ರದ ಬಗ್ಗೆ ನನಗೆ ಜ್ಞಾಪಕ ಇರುವುದು ನಿಂಬೆಯ ವಾಸನೆ.

ಜಾಫ್ನಾ, ಮೊದಲ ದಿನ

ಕಂದಯ್ಯ ಮಾಸ್ಟರು ಸ್ಟೇಷನ್ನಿಗೆ ಸೈಕಲ್ಲು ತಂದಿದ್ದರು. ಕಾಗದಗಳಲ್ಲಿ ಅವರ ಗತ್ತು ನೋಡಿ ದಪ್ಪಗೆ ಎತ್ತರಕ್ಕೆ ಇರುತ್ತಾರೆ ಅಂದುಕೊಂಡಿದ್ದೆ. ಸಣ್ಣ ಆಳು. ಹಣೆ ತುಂಬ ವಿಭೂತಿ. ನನ್ನ ಹಣೆಯ ವಿಭೂತಿ ನೋಡಿ ಅವರಿಗೆ ಸಮಾಧಾನವಾಯಿತು, ಅವರದನ್ನು ನೋಡಿ ನನಗೂ ಊಟದ ಚಿಂತೆ ತಪ್ಪಿತು. ಟ್ರಂಕನ್ನು ಕ್ಯಾರಿಯರಿಗೆ ಕಟ್ಟಿ ಇಬ್ಬರೂ ನಡೆದೆವು. ನನ್ನ ಕೊರಳಿನ ಕರಡಿಗೆಯಲ್ಲಿ ಏನಿದೆ ಎಂದು ಕೇಳಿದರು. ಲಿಂಗ ಅಂದೆ. ದೇವರನ್ನು ಜೊತೆಗೇ ಕರೆದುಕೊಂಡು ಬಂದಿದ್ದೀರಿ, ಹಾಗಾದರೆ ದೇವಸ್ಥಾನ ತೋರಿಸುವ ಕೆಲಸ ಉಳಿಯಿತು ಅಂದರು.

ಅಲ್ಲಿ ಎಲ್ಲ ಮನೆಗೂ ಆಳೆತ್ತರದ ಬೇಲಿ. ತಾಳೆಗರಿ ಹೆಣೆದು ಒಂದು ಸಂದೂ ಇಲ್ಲದ ಹಾಗೆ ಕಟ್ಟಿರುತ್ತಾರೆ. ನಮ್ಮಲ್ಲಿ ಪಕ್ಕದ ಮನೆಯ ಒಲೆಯ ಮೇಲೆ ಏನಿದೆ ಎಂದು ಜಗಲಿಯಿಂದಲೇ ಗೊತ್ತಾಗುತ್ತದೆ. ಅಲ್ಲಿ ಪಕ್ಕದಲ್ಲಿ ಮನೆ ಇದೆ ಎಂಬುದೇ ಗೊತ್ತಾಗುವುದಿಲ್ಲ. ಆದರೂ ನಾವು ಮನೆ ಸೇರುವ ಮೊದಲೇ ಮೈಸೂರು ಮಾಸ್ಟರು ಬಂದರು ಎಂಬ ಸುದ್ದಿ ಬೇಲಿ ದಾಟಿ ಹೋಗಿತ್ತು.

ಮನೆಯಲ್ಲಿ ವಾಂಗೋ, ಬನ್ನಿ ಎಂದು ಒಳಗೆ ಕರೆದವರು ಕಂದಯ್ಯನವರ ಅಕ್ಕ. ವಯಸ್ಸಾದವರು, ಬಿಳಿ ಸೀರೆ, ಸ್ವರ ಎತ್ತಿ ಮಾತಾಡುವವರಲ್ಲ. ನಲವತ್ತು ವರ್ಷ ಪಾಠ ಮಾಡಿ ನಿವೃತ್ತಿಯಾದ ಮೇಲೂ ಮನೆಯಲ್ಲಿ ಕೂರಲಾರದೆ ತಮ್ಮನ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಹೋಗುತ್ತಿದ್ದರು. ಇಡೀ ಊರು ಅವರನ್ನು ಅಕ್ಕ ಎನ್ನುತ್ತಿತ್ತು. ನಾನೂ ಅಕ್ಕ ಅಂದೆ. ಅವರ ತಮಿಳಿಗೂ ನಮ್ಮ ಸಂತೆಗೆ ಬರುವ ಸತ್ಯಮಂಗಲದವರ ತಮಿಳಿಗೂ ಅಜಗಜಾಂತರ, ಆದರೂ ನಿಧಾನಕ್ಕೆ ಮಾತಾಡಿದರೆ ತಿಳಿಯುತ್ತಿತ್ತು. ಇಲ್ಲಿ ಅವರ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ.

ಊಟಕ್ಕೆ ಪಿಟ್ಟು ಬಂತು. ಹಿಟ್ಟನ್ನು ಬಿದಿರಿನ ಕೊಳವೆಯಲ್ಲಿ ತುಂಬಿ ಹಬೆಯಲ್ಲಿ ಬೇಯಿಸಿದ್ದು. ಮುದ್ದೆಯವರ ಹೊಟ್ಟೆಗೆ ಅದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಸಂಕೋಚ ಬಿಟ್ಟು ಮೂರು ಸಲ ಹಾಕಿಸಿಕೊಂಡೆ.

ಎರಡನೇ ದಿನ

ಶಾಲೆಯ ಅಂಗಳಕ್ಕೆ ಹೋದಾಗ ಇವತ್ತು ರಜವೇನೋ ಅಂದುಕೊಂಡೆ. ಸದ್ದೇ ಇರಲಿಲ್ಲ. ಒಳಗೆ ನೋಡಿದರೆ ಮೂವತ್ತು ಮಕ್ಕಳಿದ್ದಾರೆ. ಇಬ್ಬಿಬ್ಬರು ಎದುರುಬದುರು ಕೂತು ಪಿಸುಪಿಸು ಮಾತಾಡುತ್ತಿದ್ದಾರೆ. ನಮ್ಮೂರಲ್ಲಾದರೆ ಈ ಶಾಲೆಯಲ್ಲಿ ಪಾಠ ನಡೆಯುತ್ತಿಲ್ಲ ಎಂದು ಜನ ಮಾತಾಡಿಕೊಳ್ಳುತ್ತಿದ್ದರು.

ಪ್ರತಿ ಮಗುವಿನ ಹತ್ತಿರ ತಾಳೆಗರಿಯಲ್ಲಿ ಹೆಣೆದ ಪುಟ್ಟ ಡಬ್ಬಿ. ಅದರೊಳಗೆ ಗರಿಯನ್ನೇ ಕತ್ತರಿಸಿ ಮಾಡಿದ ಚೀಟಿಗಳು. ಒಂದೊಂದರ ಮೇಲೆ ಒಂದೊಂದು ಲೆಕ್ಕ, ಆರೊಂಬತ್ತು, ಎಂಟಾರು, ಹೀಗೆ. ಒಬ್ಬ ಹುಡುಗನ ಡಬ್ಬಿಯಲ್ಲಿ ಮೂರೇ ಚೀಟಿ ಇದ್ದವು. ಮಿಕ್ಕವನ್ನು ಕಳೆದುಕೊಂಡಿದ್ದಾನೆ ಎಂದು ಅಕ್ಕನಿಗೆ ಹೇಳಿದೆ.

“ಇಲ್ಲ. ಅವನಿಗೆ ಬಾರದ್ದು ಮೂರೇ,” ಅಂದರು. “ಬರುವುದೆಲ್ಲ ಅಲ್ಲಿದೆ.”

ಗೋಡೆಯ ಹತ್ತಿರ ಒಂದು ದೊಡ್ಡ ಬುಟ್ಟಿ ಇತ್ತು. ಯಾವ ಚೀಟಿಗೆ ಮಗು ಮೂರು ದಿನ ಸತತವಾಗಿ ತಡವರಿಸದೆ ಉತ್ತರ ಹೇಳುತ್ತದೋ ಆ ಚೀಟಿ ಬುಟ್ಟಿಗೆ ಹೋಗುತ್ತದೆ. ಬುಟ್ಟಿಯಿಂದ ವಾರಕ್ಕೊಮ್ಮೆ ಯಾವುದಾದರೂ ಎತ್ತಿ ಕೇಳುತ್ತಾರೆ, ಮರೆತಿದ್ದರೆ ಮತ್ತೆ ಡಬ್ಬಿಗೆ. ದಿನಕ್ಕೆ ಐದೇ ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ನಾನು ಸಂಜೆ ಒಂದೂವರೆ ಗಂಟೆ ಮಗ್ಗಿ ಹೇಳಿಸುತ್ತೇನೆ ಅಂದೆ. ಅಕ್ಕ ಮಕ್ಕಳ ಗಂಟಲು ನೋಯುವುದಿಲ್ಲವೇ ಎಂದು ಕೇಳಿದರು. ನಿಜವಾಗಿ ಕೇಳಿದರೋ ತಮಾಷೆಗೋ ತಿಳಿಯಲಿಲ್ಲ.

ಆಮೇಲೆ ಒಂದು ಹುಡುಗಿಗೆ ಆರೊಂಬತ್ತು ಎಷ್ಟು ಎಂದು ಕೇಳಿದರು. ಅದು ಸುಮ್ಮನೆ ನಿಂತಿತು. ಅಕ್ಕನೂ ಸುಮ್ಮನೆ ನಿಂತರು. ನಾನಾಗಿದ್ದರೆ ಅಷ್ಟು ಹೊತ್ತಿಗೆ ಕೋಲು ಕೈಗೆ ಬಂದಿರುತ್ತಿತ್ತು. ಅಕ್ಕ ಹುಣಸೆಬೀಜಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟರು, ಆರು ಸಾಲು, ಸಾಲಿಗೆ ಹತ್ತು. ಪ್ರತಿ ಸಾಲಿನ ಕೊನೆಯ ಬೀಜವನ್ನು ಹುಡುಗಿಯ ಕೈಯಲ್ಲೇ ತೆಗೆಸಿದರು. ಅರವತ್ತರಲ್ಲಿ ಆರು ಹೋಯಿತು. ಐವತ್ತನಾಲ್ಕು ಅಂತು ಹುಡುಗಿ. ಹೇಗೆ ಗೊತ್ತಾಯಿತು ಎಂದು ಅಕ್ಕ ಕೇಳಿದರು. ಸರಿಯುತ್ತರ ಹೇಳಿದವರನ್ನು ಹೇಗೆ ಗೊತ್ತಾಯಿತು ಎಂದು ನಾನು ಯಾವತ್ತೂ ಕೇಳಿದವನಲ್ಲ.

ಆದರೂ ನಾನು ಸೋತೆ ಅಂದುಕೊಳ್ಳಲಿಲ್ಲ. ಜೇಬಿನ ಪುಸ್ತಕದಲ್ಲಿ ಮೂರು ಆಕ್ಷೇಪಣೆ ಬರೆದುಕೊಂಡೆ. ಒಂದು, ಇದು ನಿಧಾನ. ಎರಡು, ರಾಗವಿಲ್ಲದ್ದು ನೆನಪಿನಲ್ಲಿ ಉಳಿಯುವುದಿಲ್ಲ. ಮೂರನೆಯದು ಏನು ಬರೆದಿದ್ದೆನೋ, ಆಮೇಲೆ ಅದನ್ನು ಹೊಡೆದುಹಾಕಿದ್ದರಿಂದ ಈಗ ಓದಲಾಗುತ್ತಿಲ್ಲ.

ಮೂರನೇ ದಿನ

ನಮ್ಮ ಕಡೆಯ ಮಗ್ಗಿ ಮಕ್ಕಳಿಗೆ ಕೇಳಿಸಿ ಎಂದು ಕಂದಯ್ಯ ಮಾಸ್ಟರೇ ಕೇಳಿದರು. ಇದಕ್ಕೇ ಕಾದಿದ್ದೆ. ರುಮಾಲು ಸರಿಮಾಡಿಕೊಂಡು ತರಗತಿಯ ಮುಂದೆ ನಿಂತು ಮುಕ್ಕಾಲಿನ ಮಗ್ಗಿ ಎತ್ತಿದೆ. ಒಂದರ ಮುಕ್ಕಾಲು ಮುಕ್ಕಾಲು, ಎರಡರ ಮುಕ್ಕಾಲು ಒಂದೂವರೆ, ಮೂರರ ಮುಕ್ಕಾಲು ಎರಡೂಕಾಲು. ತಾತನ ರಾಗ. ಇಪ್ಪತ್ತರ ಮುಕ್ಕಾಲು ಹದಿನೈದು ಎಂದು ಇಳಿಸುವ ಹೊತ್ತಿಗೆ ಮಕ್ಕಳ ಬಾಯಿ ತೆರೆದಿತ್ತು. ಚಪ್ಪಾಳೆ ಹೊಡೆದರು. ಭಾಷೆ ತಿಳಿಯದಿದ್ದರೂ ಚೆನ್ನಾಗಿದೆ ಎಂದು ಅಕ್ಕ ಹೇಳಿದರು. ನಾಲ್ಕು ಪುಟದ ನನ್ನ ಕಾಗದಕ್ಕೆ ಇದೇ ಸಾಕ್ಷಿ ಎಂದು ಬೀಗಿದೆ.

“ಹದಿಮೂರರ ಮುಕ್ಕಾಲು ಎಷ್ಟು ಮಾಸ್ಟರೇ?” ಅಂದರು ಅಕ್ಕ.

ಇದೇನು ಮಹಾ ಎಂದು ಬಾಯಿ ತೆರೆದೆ. ಬಂದದ್ದು, ಒಂದರ ಮುಕ್ಕಾಲು ಮುಕ್ಕಾಲು. ಸ್ವರ ತಗ್ಗಿಸಿಕೊಂಡು ಮುಂದಕ್ಕೆ ಓಡಿದೆ, ಎರಡರದು, ಮೂರರದು, ನಾಲ್ಕರದು. ಏಳರ ಮುಕ್ಕಾಲಿಗೆ ಬಂದಿದ್ದೆ, ಮುಂದಿನ ಸಾಲಿನಲ್ಲಿ ನಿನ್ನೆಯ ಅದೇ ಹುಡುಗಿ ಎದ್ದು ನಿಂತು ಒಂಬತ್ತೂಮುಕ್ಕಾಲು ಅಂದಿತು. ಹೇಗೆ ಎಂದು ಅಕ್ಕ ಕೇಳಿದರು. ಹನ್ನೆರಡರದು ಒಂಬತ್ತು, ಉಳಿದ ಒಂದರದು ಮುಕ್ಕಾಲು ಅಂದಿತು. ನಾನು ರಾಗದಲ್ಲಿ ಇನ್ನೂ ಎಂಟಕ್ಕೆ ಬಂದಿರಲಿಲ್ಲ.

ಮಕ್ಕಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಗೌರವದಿಂದ ನಾನು ಹದಿಮೂರು ಮುಟ್ಟುವುದನ್ನು ಕಾಯುತ್ತಾ ಕೂತಿದ್ದರು.

ಮಧ್ಯಾಹ್ನ ಮನೆಯ ಬಾವಿಯ ಹತ್ತಿರ ಅಕ್ಕ ಡಬ್ಬಿ ಹೆಣೆಯುತ್ತಾ ಕೂತಿದ್ದರು. ಅವರಾಗಿಯೇ ಮಾತು ತೆಗೆದರು.

“ದಾರಿಯಲ್ಲಿ ಎಡವಿದರೆ ಮಾಸ್ಟರೇ, ನಿಮ್ಮೂರಲ್ಲಿ ಮತ್ತೆ ಮನೆಗೆ ಹೋಗಿ ಅಲ್ಲಿಂದ ಹೊರಡುತ್ತೀರಾ?”

ನನಗೆ ಅವಮಾನ ಇನ್ನೂ ಆರಿರಲಿಲ್ಲ. ಹೌದು, ನಮ್ಮಲ್ಲಿ ಹಾಗೇ ಕ್ರಮ ಅಂದೆ. ಹೊಸ್ತಿಲು, ಹತ್ತು ಹೆಜ್ಜೆ, ಬೆಲ್ಲ, ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ, ನಮ್ಮಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ನಾಲ್ಕು ತಿಂಗಳಿಂದ ಏಳೆಂಟ್ಲೆ ದಾಟಲಿಲ್ಲ, ಈ ರಜ ಮುಗಿದರೆ ಅವಳ ಓದೂ ಮುಗಿಯುತ್ತದೆ ಅಂದೆ. ಮಗಳು ಎಂದು ಹೇಳಲು ಬಾಯಿ ಬರಲಿಲ್ಲ.

ಅಕ್ಕ ಕೈಯಲ್ಲಿದ್ದ ಗರಿ ಕೆಳಗಿಡಲಿಲ್ಲ. “ನಿಮ್ಮ ಮಗಳಿಗೆ ಏನೇನು ಬರುತ್ತದೆ?” ಅಂದರು.

“ಏಳೇಳ್ಲೆಯವರೆಗೆ ಬರುತ್ತದೆ.”

“ಅದು ನೀವು ಕೇಳಿದ್ದು. ಅವಳಿಗೆ ಏನು ಬರುತ್ತದೆ ಎಂದು ನಾನು ಕೇಳಿದೆ.”

ಕಡಲಂಚಿನ ಗುಮಾಸ್ತ ನೆನಪಾದ. ಎರಡು ಸಲ ಸಾಲಿನ ಕೊನೆಗೆ ಹೋಗುತ್ತಾ ಅವನನ್ನು ನಾನು ಎಷ್ಟು ಬೈದಿದ್ದೆ. ನೀಲ ನನ್ನನ್ನು ಏನು ಬೈದಿರಬಹುದು. ಏಳೊಂದ್ಲೆ ಏಳನ್ನು ಆ ಮಗು ಸಾವಿರ ಸಲ ಹೇಳಿರಬೇಕು. ಅದು ಅವಳಿಗೆ ಮೊದಲ ದಿನವೇ ಬರುತ್ತಿತ್ತು. ಬಾರದ ಒಂದೇ ಒಂದು ಸಾಲನ್ನು ಹೇಳಿಕೊಡಲು ನಾನು ಕುರ್ಚಿಯಿಂದ ಒಂದು ದಿನವೂ ಎದ್ದಿರಲಿಲ್ಲ.

ವಾಪಸು

ಹೊರಡುವ ದಿನ ಅಕ್ಕ ಒಂದು ಗರಿಯ ಡಬ್ಬಿ ಕೊಟ್ಟರು. ಒಳಗೆ ತಾಳೆಬೆಲ್ಲ. ಮಗಳಿಗೆ ಅಂದರು. ಚೀಟಿ ಹಾಕಿಲ್ಲ, ಅದನ್ನು ನೀವೇ ಬರೆಯಿರಿ, ಒಂದೇ ಸಾಕಾದೀತು ಅಂದರು. ಕಂದಯ್ಯ ಮಾಸ್ಟರು ಜಗಳದ ಮಾತನ್ನೇ ಎತ್ತಲಿಲ್ಲ. ಗೆದ್ದವರು ಸುಮ್ಮನಿದ್ದರೆ ಸೋತವನಿಗೆ ಇನ್ನೂ ಕಷ್ಟ.

ಬರುವಾಗ ಹಡಗಿನಲ್ಲಿ ಹೊಟ್ಟೆ ತೊಳೆಸಲಿಲ್ಲ. ತೊಂದರೆಯಾದದ್ದು ಘಾಟಿಯಲ್ಲಿ. ಅರ್ಧ ಹತ್ತಿದ ಬಸ್ಸು ಕೆಟ್ಟು ನಿಂತಿತು. ಸಾಮಾನು ತರಲು ಡ್ರೈವರು ಕೆಳಕ್ಕೆ ಹೋದವನು ಬರುವ ಹೊತ್ತಿಗೆ ಸಂಜೆಯಾಗಿತ್ತು. ಅವತ್ತೇ ನಾನು ಮನೆಯಲ್ಲಿರಬೇಕಾಗಿತ್ತು. ಮಾರನೆಯ ದಿನ ಶಾಲೆ ತೆರೆಯುತ್ತಿತ್ತು, ನೀಲಳನ್ನು ಕರೆದೊಯ್ಯಲು ನನ್ನ ಅಕ್ಕ ಭೀಮನಬೀಡಿನಿಂದ ಗಾಡಿ ಕಟ್ಟಿಸಿಕೊಂಡು ಬರುವುದೂ ಆ ಬೆಳಿಗ್ಗೆಯೇ. ಚಾಮರಾಜನಗರ ತಲುಪಿದಾಗ ಗುಂಡ್ಲುಪೇಟೆಯ ಕೊನೆಯ ಬಸ್ಸು ಹೋಗಿತ್ತು. ನಾನು ಕೊಟ್ಟ ಮಾತನ್ನು ನಾನಿಲ್ಲದೆಯೇ ನಡೆಸಿಬಿಟ್ಟಾರು ಎಂದು ಮೊದಲ ಸಲ ಭಯವಾಯಿತು.

ಮತ್ತೆ ಗುಂಡ್ಲುಪೇಟೆ

ಬೆಳಗಿನ ಮೊದಲ ಬಸ್ಸಿನಲ್ಲಿ ಬಂದಿಳಿದು ಬಿರಬಿರನೆ ನಡೆದೆ. ಮನೆ ಮುಂದೆ ಗಾಡಿ ನಿಂತಿತ್ತು, ಎತ್ತು ಕಟ್ಟಿಯಾಗಿತ್ತು. ನೀಲಳ ಸಣ್ಣ ಟ್ರಂಕು ಆಗಲೇ ಗಾಡಿಯೊಳಗಿತ್ತು.

“ಬಂದ್ಯಾ,” ಅಂದಳು ಅಕ್ಕ ಜಗಲಿಯಿಂದ. “ಇನ್ನೊಂದ್ಗಳ್ಗೆ ತಡ ಮಾಡಿದ್ರೆ ಒಂಟೋಗ್ತಿದ್ದೊ. ಮಗ ತಾನೇ ಟ್ರಂಕು ತುಂಬ್ಕಂಡದೆ ಕಣ್ಲಾ. ನಂಗೆ ಬರಕಿಲ್ಲ ಅತ್ತೆ, ನಡಿ ಓಗನ ಅಂತದೆ.”

ಗೌರಮ್ಮ ನನ್ನ ಮುಖ ನೋಡಲಿಲ್ಲ. ಕಾಲಿಗೆ ನೀರು ಕೊಟ್ಟು ಒಳಗೆ ಹೋದಳು. ನೀಲ ಎರಡು ಜಡೆ ಹಾಕಿಕೊಂಡು, ಹಬ್ಬದ ಲಂಗ ಉಟ್ಟು ಹಜಾರದಲ್ಲಿ ನಿಂತಿದ್ದಳು. ನಾನು ಅಭ್ಯಾಸಬಲದಿಂದ ಕುರ್ಚಿಯಲ್ಲಿ ಕೂತೆ. ಏನಾದರೂ ಹೇಳುವ ಮೊದಲೇ ಅವಳು ಹೋಗಿ ಹೊಸ್ತಿಲಿಗೆ ಹಿಮ್ಮಡಿ ತಾಗಿಸಿ ನಿಂತಳು. ಏಳೊಂದ್ಲೆ ಏಳು. ಏಳೆರಡ್ಲೆ ಹದಿನಾಲ್ಕು. ಒಂದೊಂದೇ ಹೆಜ್ಜೆ ಬಂದಳು. ಏಳನೇ ಹೆಜ್ಜೆಯ ಮೇಲೆ ನಿಂತು ಕಾಲಿನ ಬೆರಳು ಮುದುರಿದಳು.

“ಏಳೆಂಟ್ಲೆ ಐವತ್ನಾಕು, ಮೇಷ್ಟ್ರೇ,” ಅಂದಳು. ನಾನು ಬೆರಳು ತೋರಿಸುವ ಮೊದಲೇ ಹೊಸ್ತಿಲ ಕಡೆ ತಿರುಗಿದಳು.

“ಅಲ್ಲೇ ನಿಲ್ಲು,” ಅಂದೆ. ಎದ್ದು ಅವಳ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತೆ. ಹೊಡೆಯಲು ಬಂದೆನೆಂದು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. “ಏಳೇಳ್ಲೆ ಎಷ್ಟು ಅಂದೆ?”

“ನಲವತ್ತೊಂಬತ್ತು.”

“ಅದಕ್ಕೆ ಇನ್ನೊಂದು ಏಳು ಸೇರ್ಸು.”

ಅಕ್ಕ ಏನೋ ಹೇಳಲು ಬಾಯಿ ತೆರೆದಳು, ಸುಮ್ಮನಿರು ಎಂದು ಕೈ ಮಾಡಿದೆ. ಕಾದೆ. ಲಂಗದ ನೆರಿಗೆಯೊಳಗೆ ಬೆರಳುಗಳು ಆಡುತ್ತಿದ್ದವು. ಮೇಷ್ಟ್ರಾಗಿ ಇಷ್ಟು ವರ್ಷದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲು.

“ಐವತ್ತಾರು,” ಅಂದಳು.

“ಹೂಂ. ಮುಂದಕ್ಕೆ ಬಾ.”

ಬರಬಹುದೋ ಬೇಡವೋ ಎಂದು ಒಂದು ಸಲ ನನ್ನನ್ನು ನೋಡಿ ಹೆಜ್ಜೆ ಇಟ್ಟಳು. ಆಮೇಲೆ ಒಂದೇ ಉಸಿರಿಗೆ ಏಳೊಂಬತ್ಲೆ ಅರವತ್ಮೂರು, ಏಳತ್ಲೆ ಎಪ್ಪತ್ತು ಎಂದು ಖಾಲಿ ಕುರ್ಚಿ ಮುಟ್ಟಿದಳು. ಮುಟ್ಟಿಯೂ ನಿಲ್ಲಿಸಲಿಲ್ಲ. ಎಂಟರ ಮಗ್ಗಿ ಎತ್ತಿದಳು. ಎಂಟೇಳ್ಲೆ ಐವತ್ತಾರು ಅಂದಾಗ ತಡೆದು ನನ್ನ ಮುಖ ನೋಡಿದಳು, ಮತ್ತೆ ಹೊರಟಳು. ಒಂಬತ್ತರ ಮಗ್ಗಿಯನ್ನೂ ಮುಗಿಸಿದಳು, ಹತ್ತರದನ್ನೂ ಮುಗಿಸಿದಳು. ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಅಕ್ಕ ಎದ್ದು ಹೋಗಿ ಗಾಡಿಯಿಂದ ಟ್ರಂಕು ಇಳಿಸಿಕೊಂಡು ಬಂದಳು.

ನಾನು ಡಬ್ಬಿ ಬಿಚ್ಚಿ ತಾಳೆಬೆಲ್ಲದ ಚೂರು ಕೊಟ್ಟೆ. ಅವಳು ಅದನ್ನು ಬಾಯಿಗೆ ಹಾಕಿಕೊಂಡಳು.

“ಇದನ್ನೆಲ್ಲ ಯಾವಾಗ ಕಲಿತೆ ನೀಲ?” ಅಂದೆ.

“ಜಗ್ಲಿ ಮೇಲೆ ದಿನಾ ಎಲ್ರೂ ಅಂತಿದ್ರಲ್ಲ,” ಅಂದಳು ಬೆಲ್ಲವನ್ನು ದವಡೆಗೆ ತಳ್ಳಿಕೊಂಡು. “ಏಳೆಂಟ್ಲೆಯಿಂದ ಮುಂದ್ಕಿಂದೆಲ್ಲ ನಂಗೆ ಆಗ್ಲೇ ಬತ್ತಿತ್ತು ಕಣಪ್ಪ. ನೀನೇ ಅಲ್ಲಿಗಂಟ ಬರಕೆ ಬುಡ್ತಿರ್ನಿಲ್ಲ.”